ಮಡಿಕೇರಿ ಮಳೆಯಲ್ಲೂ ಪಿಪಿಐ ರೆಕಾರ್ಡಿಂಗ್ ಆಯ್ತು: ನನ್ನ ಅನುಭವ

ದೊಡ್ಡ ಸದ್ದಿಗೆ ಚೂರು ಮುಂಚೆ ಸಣ್ಣ ಸದ್ದೊಂದು ಕೇಳಿಸಿದರೆ ನಾವು ಬೆಚ್ಚುವುದು ಕಡಿಮೆಯಾಗುತ್ತದೆ, ಇದಕ್ಕೆ ಪಿಪಿಐ (ಪ್ರೀಪಲ್ಸ್ ಇನ್ಹಿಬಿಷನ್) ಅಂತಾರೆ. ಕೊಡಗಿನಲ್ಲಿ ಇದನ್ನು ಅಳೆಯುತ್ತೇನೆ ಅಂದಾಗ ಹೂಂ ಅಂದವರು ಕಡಿಮೆ. "ಜೂನ್ ಬಂದ್ರೆ ಪಕ್ಕದಲ್ಲಿ ಕೂತವರ ಮಾತೇ ಕೇಳಲ್ಲ, ನೀವು ಸದ್ದಿಗೆ ಕಣ್ಣು ಮಿಟುಕೋದನ್ನ ಅಳೀತೀರಾ?" ಎಂದು ಹಿರಿಯ ಡಾಕ್ಟರೊಬ್ಬರು ಕೇಳಿದ್ದರು. ಆದರೂ ಆಯ್ತು. ಸ್ಕಿಜೋಫ್ರೀನಿಯಾ ಅನ್ನುವ ಮಾನಸಿಕ ಕಾಯಿಲೆ ಇರುವವರದ್ದು, ಇಲ್ಲದವರದ್ದು, ಎರಡೂ ಗುಂಪಿನ ಒಳ್ಳೆಯ ರೆಕಾರ್ಡಿಂಗ್ ಈಗ ನಮ್ಮ ಹತ್ತಿರ ಇವೆ.

ವಿಧಾನ ಹೊಸದೇನಲ್ಲ. ಹಿನ್ನೆಲೆಗೆ 70 ಡೆಸಿಬೆಲ್ ವೈಟ್ ನಾಯ್ಸ್ (ಒಂದೇ ಸಮನೆ ಶ್ಶ್ ಅನ್ನುವ ಸದ್ದು), ಬೆಚ್ಚಿಸಲು 115ರ ಪಲ್ಸ್, 40 ಮಿಲಿಸೆಕೆಂಡ್. ಅದಕ್ಕೆ 60 ಅಥವಾ 120 ಮಿಲಿಸೆಕೆಂಡ್ ಮುಂಚೆ 85ರ ಸಣ್ಣ ಸದ್ದು, ಅದೇ ಪ್ರೀಪಲ್ಸ್. ಸ್ಕಿಜೋಫ್ರೀನಿಯಾ ಇರುವವರಲ್ಲಿ ಪ್ರೀಪಲ್ಸ್ ಕೊಟ್ಟರೂ ಬೆಚ್ಚುವುದು ಅಷ್ಟಾಗಿ ತಗ್ಗುವುದಿಲ್ಲ ಅಂತ 1978ರಲ್ಲಿ ಬ್ರಾಫ್ ಮತ್ತು ಸಂಗಡಿಗರು ತೋರಿಸಿದ್ದರು. ಅದು ನಮ್ಮ ಜನರಲ್ಲೂ ಕಾಣುತ್ತದಾ ಅಂತ ನೋಡುವುದೇ ನನ್ನ ಆಸೆ.

ಮೊದಲ ಏಟು ದುಡ್ಡಿನದ್ದು. ರೆಡಿ ಸಿಸ್ಟಂಗೆ ಕೊಟೇಶನ್ ಹತ್ತು ಲಕ್ಷದ ಆಸುಪಾಸು ಬಂತು. ಕಣ್ಣು ಮಿಟುಕಿಸುವ ಸ್ನಾಯುವಿನ ವಿದ್ಯುತ್ ಸಿಗ್ನಲ್ (ಇಎಂಜಿ) ಹಿಡಿಯುವ ಸೆಕೆಂಡ್ ಹ್ಯಾಂಡ್ ಆಂಪ್ಲಿಫೈಯರ್, ಸೌಂಡ್ ಕಾರ್ಡ್, ಹೆಡ್‌ಫೋನ್, 4 ಮಿಲಿಮೀಟರ್ ಎಲೆಕ್ಟ್ರೋಡ್ ಎಲ್ಲ ಸೇರಿ ನನಗೆ ಬಿದ್ದದ್ದು ಒಂದೂವರೆ ಲಕ್ಷದ ಹತ್ತಿರ. ಅದರಲ್ಲೂ ಎರಡು ಹೆಡ್‌ಫೋನ್ ದಂಡ. ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಬರುತ್ತದೆ, ಆ ತಡವೂ ಒಂದೇ ಥರ ಇರಲ್ಲ. ವೈರಿನದ್ದು 105 ದಾಟಲೇ ಇಲ್ಲ. ಡೆಸಿಬೆಲ್ ಅಳೆಯಲು ಫೋನ್ ಆ್ಯಪ್ ನಂಬಬೇಡಿ, ಜೋರು ಸದ್ದಿಗೆ ಅದು ಸುಮ್ನೆ ಏನೋ ತೋರಿಸುತ್ತದೆ. ಸರಿಯಾದ ಮೀಟರ್ ಬಾಡಿಗೆಗೆ ತನ್ನಿ. ಲ್ಯಾಪ್‌ಟಾಪಿನ ಸೌಂಡ್ ಎನ್‌ಹ್ಯಾನ್ಸ್‌ಮೆಂಟ್ ಎಲ್ಲ ಆಫ್ ಮಾಡಿ. ಇಲ್ಲದಿದ್ದರೆ ಪಲ್ಸ್ ಥಟ್ಟನೆ ಏಳುವುದಿಲ್ಲ, ಕಣ್ಣೂ ಮಿಟುಕುವುದಿಲ್ಲ.

ಎರಡನೆಯದು ಕರೆಂಟು. ಇಎಂಜಿಯಲ್ಲಿ 28ರಿಂದ 500 ಹರ್ಟ್ಜ್‌ವರೆಗಿನ ಸಿಗ್ನಲ್ ಇಟ್ಟುಕೊಂಡರೆ ಕರೆಂಟಿನ 50 ಹರ್ಟ್ಜ್ ಹಮ್ ಅದರ ನಡುವೆಯೇ ಬಂದು ಕೂರುತ್ತದೆ. ಆ 50 ಹರ್ಟ್ಜನ್ನಷ್ಟೇ ಕತ್ತರಿಸುವ ನಾಚ್ ಫಿಲ್ಟರ್ ಹಾಕಿದರೆ ಸಿಗ್ನಲ್ಲೂ ಸ್ವಲ್ಪ ಹೋಗುತ್ತದೆ. ಕರೆಂಟು ಹೋಗಿ ಹಳೇ ಇನ್ವರ್ಟರ್ ಶುರುವಾದರಂತೂ ಗೆರೆ ಪೂರ್ತಿ ಗರಗಸ. ಕೊನೆಗೆ ಚಾರ್ಜರ್ ಕಿತ್ತು ಎಲ್ಲವನ್ನೂ ಬ್ಯಾಟರಿಯಲ್ಲಿ ಓಡಿಸಿದೆ. ಅರ್ಥಿಂಗ್ ಗುಂಡಿಗೆ ಹೊಸದಾಗಿ ಉಪ್ಪು, ಇದ್ದಿಲು ಹಾಕಿಸಿದೆ. ಹಮ್ ಹೆಚ್ಚುಕಮ್ಮಿ ಮಾಯ.

ಮಳೆಯದ್ದೇ ದೊಡ್ಡ ಕಥೆ. ನಮ್ಮ ಹಳೇ ಕೋಣೆಗೆ ಶೀಟು ಮಾಡು. ಜೋರು ಮಳೆಗೆ ಒಳಗೇ 75ರ ಮೇಲೆ ಸದ್ದು, ಅಂದರೆ ನನ್ನ ಹಿನ್ನೆಲೆಗಿಂತ ಜಾಸ್ತಿ. ಕಾಫಿ ಸಿಪ್ಪೆ ತುಂಬಿದ ಗೋಣಿಚೀಲ ಅಟ್ಟದ ಮೇಲೆ ಹರಡಿಸಿದೆ. ಸದ್ದೇನೋ ತಗ್ಗಿತು, ಆಟಿ ತಿಂಗಳಲ್ಲಿ ಬೂಸ್ಟು ಹಿಡಿದು ಎಲ್ಲ ತೆಗೆಸಬೇಕಾಯ್ತು. ಆಮೇಲೆ ತಾರಸಿ ಇರುವ ಕೆಳಗಿನ ಸ್ಟೋರ್ ರೂಮ್ ಕೇಳಿ ಪಡೆದು, ಗೋಡೆಗೆ ಹಳೇ ಹಾಸಿಗೆ ಕಟ್ಟಿದೆ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿದರೆ ಈಗ ಮಳೆ ತೊಂದರೆಯಿಲ್ಲ. ಪ್ಯಾಡ್ ಅಂಚಿಗೆ ನಾನೊಂದು ಸುತ್ತು ಹಾಕುತ್ತೇನೆ. ಅದೇನು ಅಂತ ಇಲ್ಲಿ ಬರೆಯುವುದಿಲ್ಲ, ಬಂದವರಿಗೆ ತೋರಿಸುತ್ತೇನೆ.

ಇಲ್ಲಿಯ ಇನ್ನೊಂದು ವಿಷಯ ಕೋವಿ. ವರ್ಷಗಟ್ಟಲೆ ಗುಂಡು ಹೊಡೆದ ಕಿವಿಗೆ 4000 ಹರ್ಟ್ಜ್ ಹತ್ತಿರ ಪೆಟ್ಟು ಬಿದ್ದಿರುತ್ತದೆ. ಬರೀ 1000ದಲ್ಲಿ ಕಿವಿ ಪರೀಕ್ಷೆ ಮಾಡಿದರೆ ಅದು ಸಿಗಲ್ಲ. ನಾನು 4000ವನ್ನೂ ನೋಡುತ್ತೇನೆ. ಇದೇ ನೆಪದಲ್ಲಿ ಆನೆ ಓಡಿಸಲು ಪಟಾಕಿ ಹೊಡೆಯುವ ಕೆಲವು ತೋಟದ ಕಾವಲುಗಾರರನ್ನೂ ಕೂರಿಸಿ ನೋಡಿದೆ. ಬೇಗ ಒಗ್ಗಿಬಿಡುತ್ತಾರೆ ಅಂದುಕೊಂಡಿದ್ದೆ. ಅವರಲ್ಲಿ ಇಬ್ಬರು ಕೊನೆಯವರೆಗೂ ಮೊದಲಿನಷ್ಟೇ ಬೆಚ್ಚಿದರು. ಕೆಲವೇ ಜನ, ಹಾಗಾಗಿ ಏನೂ ಹೇಳಲಾಗದು. ಆದರೆ ಇದನ್ನು ಸರಿಯಾಗಿ ಮಾಡಬೇಕು ಅಂತಿದೆ.

ಬೀಡಿ, ಸಿಗರೇಟು ಬಗ್ಗೆ ಕಟ್ಟುನಿಟ್ಟಾಗಿರಿ. ನಿಕೋಟಿನ್ ಪಿಪಿಐಯನ್ನು ಏರಿಸಬಲ್ಲದು, ನಮ್ಮ ರೋಗಿಗಳಲ್ಲಿ ಸೇದುವವರೋ ಜಾಸ್ತಿ. ಕೊನೆಯದಾಗಿ ಸೇದಿದ್ದಕ್ಕೂ ಪರೀಕ್ಷೆಗೂ ಎಲ್ಲರಿಗೂ ಒಂದೇ ಅಂತರ ಇಟ್ಟು ಸಮಯ ಬರೆದುಕೊಳ್ಳುತ್ತೇನೆ. ಮಾತ್ರೆ ನಿಲ್ಲಿಸಿ ಅಂತ ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಯಾವ ಮಾತ್ರೆ, ಎಷ್ಟು, ಯಾವಾಗ ಅಂತ ಬರೆದಿಟ್ಟರೆ ಆಯ್ತು.

ಕಿವಿಯಲ್ಲಿ ಯಾರೋ ಮಾತಾಡುತ್ತಾರೆ ಅನ್ನುವವರನ್ನು ಮುಚ್ಚಿದ ಕೋಣೆಯಲ್ಲಿ ಕೂರಿಸಿ ಢಬ್ ಅನ್ನಿಸುವುದು ಸಣ್ಣ ಮಾತಲ್ಲ. ಬಟನ್ ಅವರ ಕೈಗೇ ಕೊಡುತ್ತೇನೆ, ಒತ್ತಿದರೆ ಎಲ್ಲ ನಿಲ್ಲುತ್ತದೆ. ಒಬ್ಬ ಹುಡುಗ "ಅವ್ವ ಒಳಗೇ ಕೂತಿರ್ಲಿ ಮೇಡಂ" ಅಂದ. ಕೂರಿಸಿದೆ. ಒಮ್ಮೆಯೂ ಬಟನ್ ಒತ್ತಲಿಲ್ಲ. ಅವನ ಗೆರೆ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ: ಪಲ್ಸ್ ಬಂದು 40 ಮಿಲಿಸೆಕೆಂಡಿನ ಆಚೀಚೆ ಚೂಪಾಗಿ ಏಳುವ ಗುಡ್ಡ, ಪ್ರೀಪಲ್ಸ್ ಕೊಟ್ಟಾಗಲೂ ಹೆಚ್ಚುಕಮ್ಮಿ ಅಷ್ಟೇ ಎತ್ತರ. ಮುಂದಿನ ಸರದಿಯ ನಮ್ಮ ಅಟೆಂಡರ್ ಅಣ್ಣನದ್ದು ಪ್ರೀಪಲ್ಸ್‌ಗೆ ಅರ್ಧಕ್ಕೆ ಇಳಿದಿತ್ತು. ಗುಂಪಾಗಿ ನೋಡಿದರೂ ವ್ಯತ್ಯಾಸ ಆ ಕಡೆಗೇ ಇದೆ. ಹಾಗಂತ ಒಬ್ಬರ ಗೆರೆ ನೋಡಿ ಕಾಯಿಲೆ ಇದೆ, ಇಲ್ಲ ಅನ್ನಲು ಇದು ಬರಲ್ಲ. ಮನೆಯವರು ಕೇಳಿದಾಗ ಇದನ್ನು ಮೊದಲೇ ಹೇಳಿಬಿಡಿ.

ಆ ಹಿರಿಯ ಡಾಕ್ಟರು ಫೈಲ್ ತರಿಸಿ ನೋಡಿದರು. ಮುಂದಿನ ಬ್ಯಾಚಿಗೆ ಅವರ ಓಪಿಡಿಯಿಂದಲೇ ಜನ ಬರುತ್ತಿದ್ದಾರೆ. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತದ ಗುಂಡಿನ ಸದ್ದು ಮುಗಿದ ವಾರ ಶುರು ಮಾಡುತ್ತೇವೆ.