ಅಯೆಂಡೆ ಉಲ್ಕಾಶಿಲೆಯ ತುಂಡು ಕೈಗೆ ಸಿಕ್ರೆ ಏನೇನು ನೋಡ್ಬೇಕು

1969ರ ಫೆಬ್ರವರಿ 8ರಂದು ಮೆಕ್ಸಿಕೋದ ಚಿವಾವಾ ರಾಜ್ಯದಲ್ಲಿ ಬಿದ್ದ ಅಯೆಂಡೆ ಉಲ್ಕಾಶಿಲೆ ಎರಡು ಟನ್ನಿನಷ್ಟು ಸಿಕ್ಕಿದ್ರಿಂದ ಎಷ್ಟೋ ಮ್ಯೂಸಿಯಂಗಳಲ್ಲಿ ಇದರ ತುಂಡು ಇದೆ, ಇಲ್ಲಾಂದ್ರೆ ನೆಟ್‌ನಲ್ಲಿ ಒಳ್ಳೆ ಫೋಟೋ ಹುಡುಕಿ, ಆದ್ರೆ ಕುಯ್ದು ಪಾಲಿಶ್ ಮಾಡಿದ ಮುಖದ್ದೇ ಬೇಕು. ಹೊರಗಿನ ಕಪ್ಪು ಸಿಪ್ಪೆ ನಮ್ಮ ವಾತಾವರಣದಲ್ಲಿ ಸುಟ್ಟು ಆಗಿದ್ದು, ಅದರಲ್ಲಿ ಹಳೇ ಕಥೆ ಏನೂ ಇಲ್ಲ.

ಅಸಲಿ ತುಂಡೇ ಸಿಕ್ರೆ ದಯವಿಟ್ಟು ಮ್ಯಾಗ್ನೆಟ್ ತಾಗಿಸ್ಬೇಡಿ, ಕಲ್ಲೊಳಗೆ ಉಳಿದಿರೋ ಹಳೇ ಕಾಂತತ್ವದ ಗುರುತು ಅಳಿಸಿಹೋಗುತ್ತೆ. 10 ಪಟ್ಟಿನ ಲೆನ್ಸ್ ಒಂದಿದ್ರೆ ಸಾಕು.

ಮೊದಲು ಬಿಳಿ ಮಚ್ಚೆ ಹುಡುಕಿ. ಅಂಕುಡೊಂಕಾಗಿರುತ್ತೆ, ಕೆಲವು ಒಂದು ಸೆಂಟಿಮೀಟರ್‌ವರೆಗೂ ಇರುತ್ತೆ, ಕ್ಯಾಲ್ಸಿಯಂ ಅಲ್ಯೂಮಿನಿಯಂ ತುಂಬಿರೋ ಖನಿಜಗಳು. ಸೌರಮಂಡಲ ಹುಟ್ಟೋವಾಗ ಇದ್ದ ಬಿಸಿ ಅನಿಲ ತಣಿಯುವಾಗ ಎಲ್ಲಕ್ಕಿಂತ ಮೊದಲು ಗಟ್ಟಿಯಾಗೋದು ಇವೇ, ವಯಸ್ಸು ಸುಮಾರು 456.7 ಕೋಟಿ ವರ್ಷ, ಸೌರಮಂಡಲಕ್ಕೆ ವಯಸ್ಸು ಲೆಕ್ಕ ಹಾಕೋದೇ ಇಲ್ಲಿಂದ. ನನಗೆ ಈ ಕಲ್ಲಲ್ಲಿ ಎಲ್ಲಕ್ಕಿಂತ ದೊಡ್ಡದು ಅನಿಸೋದು 1976ರಲ್ಲಿ ಲೀ, ಪಾಪನಸ್ಟಾಸಿಯು, ವಾಸರ್‌ಬರ್ಗ್ ಅನ್ನೋ ವಿಜ್ಞಾನಿಗಳು ಈ ಮಚ್ಚೆಗಳಲ್ಲಿ ಕಂಡ ವಿಷಯ: ಖನಿಜದಲ್ಲಿ ಅಲ್ಯೂಮಿನಿಯಂ ಹೆಚ್ಚಿದ್ದಷ್ಟೂ ಮೆಗ್ನೀಷಿಯಂ-26 ಕೂಡ ಅದೇ ಲೆಕ್ಕದಲ್ಲಿ ಹೆಚ್ಚಿತ್ತು, ಅಂದ್ರೆ ಆ ಹೆಚ್ಚುವರಿ ಮೆಗ್ನೀಷಿಯಂ ಹರಳು ಕಟ್ಟುವಾಗ ಅಲ್ಯೂಮಿನಿಯಂ-26 (ತಾನಾಗೇ ಒಡೆದು ಮೆಗ್ನೀಷಿಯಂ-26 ಆಗೋ ವಿಕಿರಣಶೀಲ ಅಲ್ಯೂಮಿನಿಯಂ) ಆಗಿತ್ತು, ಆಮೇಲೆ ಅಲ್ಲೇ ಕೂತು ಬದಲಾಗಿದೆ. ಅಲ್ಯೂಮಿನಿಯಂ-26ರ ಅರ್ಧಾಯುಷ್ಯ, ಅಂದ್ರೆ ಅರ್ಧದಷ್ಟು ಒಡೆದುಹೋಗೋಕೆ ಬೇಕಾದ ಕಾಲ, ಬರೀ 7 ಲಕ್ಷ ವರ್ಷದ ಆಸುಪಾಸು, ಹಾಗಾಗಿ ನಕ್ಷತ್ರಗಳಲ್ಲಿ ತಯಾರಾದ ಸ್ವಲ್ಪ ಕಾಲದಲ್ಲೇ ಇಲ್ಲಿಗೆ ಬಂದು ಸೇರಿರ್ಬೇಕು. ಮೊದಮೊದಲು ಕಟ್ಟಿಕೊಂಡ ದೊಡ್ಡ ಗ್ರಹಕಾಯಗಳ ಒಳಗನ್ನ ಕರಗಿಸಿದ್ದೂ ಬಹುಪಾಲು ಇದರ ಶಾಖನೇ. ಅಯೆಂಡೆ ಕರಗದೆ ಉಳಿದಿದ್ದಕ್ಕೇ ನಾವಿವತ್ತು ಇಷ್ಟೆಲ್ಲ ಓದೋಕಾಗ್ತಿರೋದು.

ಆಮೇಲೆ ಸಾಸಿವೆ ಕಾಳಿನಷ್ಟು ದುಂಡಗಿನ ಗುಂಡುಗಳು ಕಾಣುತ್ತೆ, ಕಾಂಡ್ರೂಲ್ ಅಂತಾರೆ. ಧೂಳು ಕರಗಿ ಹನಿಯಾಗಿ ಬೇಗ ತಣಿದಿದ್ದು, ಹೆಚ್ಚಿನವು ಬಿಳಿ ಮಚ್ಚೆಗಿಂತ ಹತ್ತಿಪ್ಪತ್ತು ಲಕ್ಷ ವರ್ಷ ಚಿಕ್ಕವು. ಏನು ಕರಗಿಸ್ತು ಅನ್ನೋದು ಇನ್ನೂ ಜಗಳದಲ್ಲಿದೆ.

ಉಳಿದ ಬೂದು-ಕಪ್ಪು ಭಾಗ ಸಣ್ಣ ಧೂಳು. ಸೂರ್ಯನಿಗಿಂತ ಹಳೇ ಕಣಗಳು ಇಂಥ ಧೂಳಲ್ಲೇ ಇರ್ತವೆ, ಆದ್ರೆ ಲೆನ್ಸಿಗೆ ಸಿಗಲ್ಲ, ಆಸಿಡ್‌ನಲ್ಲಿ ಕಲ್ಲನ್ನೇ ಕರಗಿಸಿ ತೆಗೀಬೇಕು. ಅದಕ್ಕೆ 1969ರಲ್ಲೇ ಆಸ್ಟ್ರೇಲಿಯಾದಲ್ಲಿ ಬಿದ್ದ ಮರ್ಚಿಸನ್ ಉಲ್ಕಾಶಿಲೆ ಬಗ್ಗೆ ಓದಿ, ಅದರ ಕೆಲವು ಸಿಲಿಕಾನ್ ಕಾರ್ಬೈಡ್ ಕಣಗಳ ವಯಸ್ಸು 700 ಕೋಟಿ ವರ್ಷದ ಹತ್ತಿರ ಅಂತ ಅಂದಾಜು.