ಹಾಲಿನ ಕ್ಯಾಲೆಂಡರ್‌ನಲ್ಲಿ ಹೇನಿನ ಲೆಕ್ಕ

ಜೂನ್ ತಿಂಗಳ ಎರಡನೇ ಶನಿವಾರ. ಮಗಳಿಗೆ ಎರಡು ಜಡೆ ಹಾಕಲು ಕೂತಿದ್ದೆ. ಬೈತಲೆ ತೆಗೆದೆ. ಆ ಬಿಳಿ ಗೆರೆಯ ಮೇಲೆ ಎಳ್ಳುಕಾಳಿನಷ್ಟು ದೊಡ್ಡದು ಏನೋ ಒಂದು ಸರಸರ ದಾಟಿ ಆ ಕಡೆ ಕೂದಲಲ್ಲಿ ಮಾಯವಾಯಿತು. ಕಿವಿ ಹಿಂದೆ ಕೂದಲು ಎತ್ತಿ ನೋಡಿದರೆ ಸೀರು, ಒಂದೊಂದು ಎಳೆಗೂ.

ನನಗೆ ಮೊದಲು ಬಂದಿದ್ದು ಸಿಟ್ಟು. ಶಾಲೆ ಶುರುವಾಗಿ ಎರಡು ವಾರವೂ ಆಗಿಲ್ಲ, ಆಗಲೇ ಯಾರೋ ಅಂಟಿಸಿ ಕಳಿಸಿದ್ದಾರೆ! ‘ಪಕ್ಕ ಕೂರುವ ಹುಡುಗಿ ತಲೆ ಕೆರೆದುಕೊಳ್ತಾಳಾ?’ ಎಂದು ಮಗಳನ್ನು ಕೇಳಿದೆ. ‘ಹೂಂ’ ಎಂದಳು. ಎಂಟು ವರ್ಷದ ಮಕ್ಕಳು ಎಲ್ಲದಕ್ಕೂ ಹೂಂ ಅಂತಾರೆ, ಅದು ಆಗ ಹೊಳೆಯಲಿಲ್ಲ. ಸೋಮವಾರದಿಂದ ಬೇರೆ ಬೆಂಚಿಗೆ ಕೂರು ಎಂದುಬಿಟ್ಟೆ.

ಮನೆಯಲ್ಲಿ ಸಲಹೆಗಳಿಗೆ ಬರವಿರಲಿಲ್ಲ. ಅತ್ತೆ ಸೀತಾಫಲದ ಬೀಜ ಅರೆದು ಹಚ್ಚು ಎಂದರು. ಅವರ ಕಾಲದಲ್ಲಿ ಅದೇ ಮದ್ದು. ಆದರೆ ಆ ಪುಡಿ ಕಣ್ಣಿಗೆ ಬಿದ್ದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆಗೇ ಪೆಟ್ಟು, ಹಾಗಾಗಿ ಬೇಡ ಎಂದೆ. ಸೀಮೆಎಣ್ಣೆಯ ಮಾತೂ ಬಂತು. ಚಿಕ್ಕವಳಿದ್ದಾಗ ನನ್ನ ತಲೆಗೇ ಹಚ್ಚಿದ್ದರು. ಆ ಉರಿ, ಆ ನಾತ ಇನ್ನೂ ನೆನಪಿದೆ. ಬೆಂಕಿಯ ಭಯ ಬೇರೆ. ಗಂಡ ‘ತಿರುಪತಿಗೆ ಹೋಗಿ ಮುಡಿ ಕೊಟ್ಟುಬಿಡೋಣ, ಪುಣ್ಯವೂ ಬರುತ್ತೆ’ ಎಂದರು. ಮಗಳು ಎರಡೂ ಕೈಯಲ್ಲಿ ಜಡೆ ಹಿಡಿದುಕೊಂಡು ಅಳಲು ಶುರು ಮಾಡಿದಳು.

ನಾನು ಮೆಡಿಕಲ್ ಶಾಪಿನಿಂದ ಹೇನಿನ ಶಾಂಪೂ ತಂದು ಒಂದು ಸಲ ಹಾಕಿದೆ. ತಲೆಗೆ ಎಣ್ಣೆ ಇತ್ತು, ಅದರ ಮೇಲೇ ಹಾಕಿದೆ. ಬಾಟಲಿ ಮೇಲಿನ ಸಣ್ಣ ಅಕ್ಷರ ಓದುವ ತಾಳ್ಮೆ ಯಾರಿಗಿದೆ? ಆಮೇಲೆ ದಿಂಬು, ರಗ್ಗು, ಗೊಂಬೆ, ಸೋಫಾದ ಕವರ್ ಎಲ್ಲ ಒಗೆದೆ. ಶಿವಮೊಗ್ಗದ ಜೂನ್ ಮಳೆಯಲ್ಲಿ! ರಗ್ಗು ಮೂರು ದಿನ ಒಣಗದೆ ಮುಗ್ಗಲು ವಾಸನೆ ಹೊಡೆಯಿತು. ಒಂದು ವಾರ ಕಳೆದು ನೋಡಿದರೆ ಮಗಳ ತಲೆಯಲ್ಲಿ ಮರಿ ಹೇನುಗಳು ಓಡಾಡುತ್ತಿವೆ.

ಆಗ ಮಕ್ಕಳ ಡಾಕ್ಟರ ಹತ್ತಿರ ಹೋದೆ. ಅವರು ಹೇಳಿದ ಒಂದು ಮಾತಿಗೆ ನನ್ನ ಸಿಟ್ಟೆಲ್ಲ ಇಳಿಯಿತು. ಮೊದಲ ಸಲ ಹೇನು ಹತ್ತಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕಂತೆ. ‘ಯಾವಾಗಿಂದ ಕೆರೀತಾಳೆ?’ ಎಂದು ಕೇಳಿದರು. ಜೂನ್ ಮೊದಲ ವಾರದಿಂದ. ಹಿಂದಕ್ಕೆ ಎಣಿಸಿದೆ. ಏಪ್ರಿಲ್ ಕೊನೆ, ಮೇ ಮೊದಲು. ಆಗ ಶಾಲೆಯೇ ಇರಲಿಲ್ಲ. ತೀರ್ಥಹಳ್ಳಿಯ ನನ್ನ ತವರಿನಲ್ಲಿ, ಅಕ್ಕನ ಮಕ್ಕಳ ಜೊತೆ ಒಂದೇ ಜಮಖಾನದ ಮೇಲೆ ತಲೆಗೆ ತಲೆ ತಾಗಿಸಿ ಮಲಗುತ್ತಿದ್ದಳು. ಹೇನು ಹಾರುವುದಿಲ್ಲ, ನೆಗೆಯುವುದಿಲ್ಲ. ತಲೆಯಿಂದ ತಲೆಗೆ ನಡೆದು ಹೋಗುತ್ತದೆ, ಅಷ್ಟೇ. ನಾಲ್ಕು ಮಕ್ಕಳು ಸಾಲಾಗಿ ಮಲಗಿದರೆ ಅದಕ್ಕೆ ರಾಜಬೀದಿ.

ಅಕ್ಕನಿಗೆ ಫೋನ್ ಮಾಡಿದೆ. ‘ಮಾರಾಯ್ತಿ, ನಾನೇ ನಿನಗೆ ಮಾಡೋಣ ಅಂತಿದ್ದೆ. ನಿನ್ನ ಮಗಳಿಂದ ಬಂತು ಅಂದ್ಕೊಂಡು ಒಂದು ವಾರದಿಂದ ನಿನಗೆ ಬೈಕೊಳ್ತಾ ಇದ್ದೀನಿ’ ಎಂದಳು. ಪಕ್ಕದ ಬೆಂಚಿನ ಹುಡುಗಿಯ ಜೊತೆ ಮತ್ತೆ ಕೂರು ಎಂದು ಮಗಳಿಗೆ ಹೇಳಿದೆ. ಅವಳು ಬೆಂಚು ಬದಲಿಸಿಯೇ ಇರಲಿಲ್ಲವಂತೆ.

ಡಾಕ್ಟರು ಪರ್ಮೆಥ್ರಿನ್ ಶೇಕಡಾ 1ರ ಲೋಷನ್ ಬರೆದರು. ತಲೆಯನ್ನು ಮಾಮೂಲಿ ಶಾಂಪೂವಿನಿಂದ ತೊಳೆದು, ಕಂಡೀಷನರ್ ಹಾಕದೆ, ಟವೆಲ್‌ನಲ್ಲಿ ಒರೆಸಿ ಹಚ್ಚಬೇಕು. ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ಇದು ಹೇನನ್ನು ಕೊಲ್ಲುತ್ತದೆ, ಸೀರನ್ನೆಲ್ಲ ಕೊಲ್ಲುವುದಿಲ್ಲ. ಸೀರು ಒಡೆಯಲು ಒಂದು ವಾರದಿಂದ ಹತ್ತು ದಿನ ಬೇಕು. ಒಡೆದು ಬಂದ ಮರಿ ದೊಡ್ಡದಾಗಿ ಮೊಟ್ಟೆ ಇಡುವ ಮೊದಲೇ, ಅಂದರೆ ಒಂಬತ್ತನೇ ದಿನಕ್ಕೆ, ಎರಡನೇ ಸಲ ಹಚ್ಚಬೇಕು. ನಾನು ತಪ್ಪಿದ್ದು ಇಲ್ಲೇ. ಒಗೆಯುವ ವಿಷಯ ಕೇಳಿದ್ದಕ್ಕೆ ನಕ್ಕರು. ತಲೆ ಬಿಟ್ಟ ಹೇನು ಒಂದೆರಡು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ದಿಂಬಿನ ಕವರ್, ಟವೆಲ್ ಬಿಸಿ ನೀರಲ್ಲಿ ಹಾಕಿದರೆ ಸಾಕು. ನನ್ನ ಸೋಫಾ ಕವರ್!

ಆದರೆ ನಿಜವಾದ ಕೆಲಸ ಮಾಡಿದ್ದು ಅತ್ತೆಯ ಟ್ರಂಕಿನಲ್ಲಿದ್ದ ಸೀರಣಿಗೆ. ಎರಡೂ ಕಡೆ ಒತ್ತೊತ್ತು ಹಲ್ಲು, ಕಪ್ಪು ಮರದ್ದು. ಒಂದೆರಡು ಹಲ್ಲು ಮುರಿದಿದ್ದರಿಂದ ಆಮೇಲೆ ಸ್ಟೀಲಿನದು ತಂದೆ. ಮೂರು ದಿನಕ್ಕೊಮ್ಮೆ ಮಗಳನ್ನು ಬಚ್ಚಲಮನೆ ಸ್ಟೂಲಿನ ಮೇಲೆ ಕೂರಿಸುತ್ತಿದ್ದೆ. ಒದ್ದೆ ಕೂದಲಿಗೆ ಕಂಡೀಷನರ್ ಧಾರಾಳವಾಗಿ ಹಾಕಿದರೆ ಹೇನಿಗೆ ಓಡಲು ಆಗುವುದಿಲ್ಲ. ನಾಲ್ಕು ಭಾಗ ಮಾಡಿ ಕ್ಲಿಪ್ ಹಾಕಿ, ಬಾಚಣಿಗೆಯನ್ನು ಬುಡಕ್ಕೆ ತಾಗಿಸಿ ತುದಿವರೆಗೆ ಒಂದೇ ಎಳೆತ. ಪ್ರತಿ ಸಲವೂ ಬಿಳಿ ಬಟ್ಟೆಗೆ ಒರೆಸಿ ನೋಡಬೇಕು. ನೊರೆಯಲ್ಲಿ ಕಾಲು ಬಡಿಯುತ್ತಾ ಬಿದ್ದಿರುತ್ತಿದ್ದವು. ಮುಕ್ಕಾಲು ಗಂಟೆ ಹಿಡಿಯುತ್ತಿತ್ತು, ಎರಡು ಕಥೆ ಹೇಳಬೇಕಿತ್ತು. ಅತ್ತೆ ಬಾಗಿಲಲ್ಲಿ ಕೂತು ಬಟ್ಟೆಯ ಮೇಲಿನದನ್ನು ಎರಡು ಹೆಬ್ಬೆರಳ ಉಗುರಿನ ನಡುವೆ ಇಟ್ಟು ‘ಸ್ಸ್’ ಎಂದು ಕುಕ್ಕುತ್ತಿದ್ದರು. ನೀರಿಗೆ ಬಿಟ್ಟರೆ ಸಾಕು ಎಂದರೂ ಕೇಳಲಿಲ್ಲ.

ಹೊಟ್ಟು ಯಾವುದು, ಸೀರು ಯಾವುದು ಎಂಬ ಗೊಂದಲ ನನಗೂ ಇತ್ತು. ಉಗುರಿನಿಂದ ತಳ್ಳಿದರೆ ಹೊಟ್ಟು ಉದುರುತ್ತದೆ, ಸೀರು ಕೂದಲಿಗೆ ಅಂಟಿಕೊಂಡೇ ಇರುತ್ತದೆ. ಬುಡದಿಂದ ತುಂಬ ದೂರ ಇರುವುದು ಹೆಚ್ಚಾಗಿ ಖಾಲಿ ಚಿಪ್ಪು. ಅದಕ್ಕಾಗಿ ಮತ್ತೆ ಔಷಧಿ ಬೇಡ.

ಮೊದಲ ದಿನವೇ ಅತ್ತೆ ‘ನೀನೂ ಬಾ ಇಲ್ಲಿ’ ಎಂದರು. ನನಗೆ ಒಂದು ಚೂರೂ ತುರಿಕೆ ಇರಲಿಲ್ಲ. ಮೂರು ಸಿಕ್ಕವು. ದಿನಾ ಶಾಂಪೂ ಹಾಕುವ ತಲೆ ನನ್ನದು!

ಸಿಕ್ಕ ಲೆಕ್ಕವನ್ನು ಅಡುಗೆಮನೆ ಕ್ಯಾಲೆಂಡರ್ ಮೇಲೆ ಬರೆಯುತ್ತಿದ್ದೆ. ಮಗಳದ್ದು ಮಾತ್ರ. ಜೂನ್ 22ಕ್ಕೆ 23. 25ಕ್ಕೆ 6. 28ಕ್ಕೆ 4, ಎಲ್ಲ ಮರಿಗಳೇ. ಜುಲೈ 1ಕ್ಕೆ ಎರಡನೇ ಸಲ ಲೋಷನ್. 4ಕ್ಕೆ 1. ಆಮೇಲೆ ಮೂರು ಸಲ ಸೊನ್ನೆ ಬಂತು, ಬಾಚುವುದನ್ನು ನಿಲ್ಲಿಸಿದೆ. ಅಕ್ಕನ ಮನೆಯಲ್ಲೂ ಅದೇ ತಾರೀಕುಗಳಿಗೆ ಅದೇ ಕೆಲಸ ನಡೆಯಿತು. ಇಲ್ಲದಿದ್ದರೆ ಮುಂದಿನ ರಜೆಗೆ ಮತ್ತೆ ಶುರು, ಅಲ್ವಾ?

ಹಾಲಿನ ಲೆಕ್ಕವೂ ಅದೇ ಕ್ಯಾಲೆಂಡರ್‌ನಲ್ಲೇ ಇರುತ್ತದೆ. ಜೂನ್ 30ರ ರಾತ್ರಿ ಗಂಡ ಹಾಲಿನವರಿಗೆ ದುಡ್ಡು ಕೊಡಲು ಕೂಡಿಸುತ್ತಾ ಕೂತಿದ್ದರು. ಅಡುಗೆಮನೆಗೆ ಬಂದು ಕೇಳಿದರು: ‘22ನೇ ತಾರೀಕು ಮನೇಲಿ ಏನಿತ್ತು? 23 ಲೀಟರ್ ಹಾಲು ಯಾಕೆ ತಗೊಂಡೆ?’