ಮೈಸೂರಿನಿಂದ ಕಾವೇರಿ ದಂಡೆಗೆ ಐವತ್ತು ಕಿಲೋಮೀಟರಿನ ಸೈಕಲ್ ಸುತ್ತು: ನಾನು ದಾರಿ ಗೊತ್ತುಮಾಡಿಕೊಂಡ ಬಗೆ

ಮೈಸೂರಿನಿಂದ ಹೊರಟು ಕನ್ನಂಬಾಡಿ, ಬಲಮುರಿ, ರಂಗನತಿಟ್ಟು, ಪಾಲಹಳ್ಳಿಗಳನ್ನು ಹಾದು ಮೈಸೂರಿಗೇ ಮರಳುವ ಸುಮಾರು 50 ಕಿಲೋಮೀಟರಿನ ಸುತ್ತನ್ನು ನಾನು ಮೊದಲ ಸಲ ಪ್ರದಕ್ಷಿಣಾಕಾರವಾಗಿ ತುಳಿದೆ. ಮೊದಲು ಕನ್ನಂಬಾಡಿ, ಕೊನೆಯಲ್ಲಿ ಶ್ರೀರಂಗಪಟ್ಟಣದ ಕಡೆಯಿಂದ ಬರುವ ಹೆದ್ದಾರಿ ಪಕ್ಕದ ರಸ್ತೆ. ಜೊತೆಗೆ ಅಕ್ಕನ ಮಗನಿದ್ದ. ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಸಿದ್ಧಲಿಂಗಪುರದ ಏರಿನಲ್ಲಿ ಅವನು ಸೈಕಲ್ಲಿನಿಂದ ಇಳಿದು, "ಮಾವ, ಇನ್ನು ನನ್ನ ಕೈಲಿ ಆಗಲ್ಲ" ಎಂದ. ದೂರ ಅವನ ಶಕ್ತಿಗೆ ಮೀರಿದ್ದಾಗಿರಲಿಲ್ಲ. ಕಷ್ಟದ ಭಾಗವನ್ನೆಲ್ಲ ಕೊನೆಗೆ ಇಟ್ಟದ್ದು ನನ್ನ ತಪ್ಪು.

ಮನೆಗೆ ಬಂದು ನಕ್ಷೆಯನ್ನು ಹರಡಿಕೊಂಡು ಕುಳಿತಾಗ, ನಾನು ಅಲ್ಲಿಯವರೆಗೆ ನೋಡದಿದ್ದ ಸಂಗತಿಯೊಂದು ತಿಳಿಯಿತು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಶ್ರೀರಂಗಪಟ್ಟಣ ಸುಮಾರು 680 ಮೀಟರಿನಲ್ಲಿದೆ. ಎಂದರೆ ಹೊಳೆಯ ಕಡೆಗೆ ಯಾವ ದಾರಿಯಲ್ಲಿ ಹೋದರೂ ಇಳಿಜಾರು, ಮರಳುವಾಗ ಏರು. ಈ ಏರನ್ನು ತಪ್ಪಿಸುವಂತಿಲ್ಲ. ಅದನ್ನು ಯಾವ ರಸ್ತೆಯಲ್ಲಿ, ಯಾವ ಹೊತ್ತಿನಲ್ಲಿ, ಯಾವ ಗಾಳಿಯಲ್ಲಿ ಹತ್ತಬೇಕೆಂಬುದನ್ನು ಮಾತ್ರ ನಾವು ಆರಿಸಿಕೊಳ್ಳಬಹುದು. ಅಂದಿನಿಂದ ನಾನು ಯಾವ ಸುತ್ತನ್ನು ಗೊತ್ತುಮಾಡುವಾಗಲೂ ಕೊನೆಯ ಹತ್ತು ಕಿಲೋಮೀಟರನ್ನು ಮೊದಲು ಆರಿಸಿ, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಹೊರಡುವ ಜಾಗಕ್ಕೆ ಬರುತ್ತೇನೆ.

ಹೀಗೆ ಎಣಿಸಿದಾಗ ಅಪ್ರದಕ್ಷಿಣೆಯೇ ಸರಿಯೆಂದು ಕಂಡಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಡುವಣದಿಂದ ಬಲವಾಗಿ ಬೀಸುತ್ತದೆ. ಕನ್ನಂಬಾಡಿಯಿಂದ ಆಗ್ನೇಯಕ್ಕೆ, ಮೈಸೂರಿನ ಕಡೆಗೆ ಹತ್ತುವಾಗ ಅದು ಬೆನ್ನನ್ನು ತಳ್ಳುತ್ತದೆ. ಎದುರುಗಾಳಿಯನ್ನು ಪಾಲಹಳ್ಳಿಯಿಂದಾಚೆಯ ಬಯಲಿನಲ್ಲಿ, ಕಾಲುಗಳಲ್ಲಿ ಇನ್ನೂ ಕಸುವಿರುವಾಗಲೇ ಎದುರಿಸಿಬಿಡಬಹುದು. ಇನ್ನೊಂದು ಅನುಕೂಲವೂ ಇದೆ: ನಮ್ಮಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲಿ ಸಾಗುವುದರಿಂದ, ಅಪ್ರದಕ್ಷಿಣೆಯಾಗಿ ಸುತ್ತುವವನಿಗೆ ಮುಖ್ಯ ತಿರುವುಗಳೆಲ್ಲ ಎಡಕ್ಕೇ ಬರುತ್ತವೆ, ಲಾರಿಗಳ ಸಾಲನ್ನು ಅಡ್ಡ ದಾಟುವ ಪ್ರಸಂಗ ಬಹಳ ಕಡಿಮೆ. ಇದೇ ಕಾರಣಕ್ಕೆ ಶ್ರೀರಂಗಪಟ್ಟಣದ ಕೋಟೆಯನ್ನು ಈ ಸುತ್ತಿನಿಂದ ಬಿಟ್ಟೆ. ಅದಕ್ಕೆ ಬೇರೆಯೇ ಒಂದು ದಿನ ಬೇಕು.

ಹೊರಡುವುದು ಬೆಳಗಿನ ಆರಕ್ಕೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಿಗೆ 2023ರ ಆಗಸ್ಟ್ 1ರಿಂದ ಬೈಕು, ಸೈಕಲ್ಲುಗಳಿಗೆ ಪ್ರವೇಶವಿಲ್ಲದ ಕಾರಣ ಪಕ್ಕದ ಸರ್ವಿಸ್ ರಸ್ತೆಯಲ್ಲೇ ಸಾಗಬೇಕು. ಇದು ಈ ಸುತ್ತಿನ ಸೊಗಸಿಲ್ಲದ ಭಾಗ, ಆದರೆ ಇಳಿಜಾರಾದ್ದರಿಂದ ಬೇಗ ಮುಗಿಯುತ್ತದೆ. ಶ್ರೀರಂಗಪಟ್ಟಣದ ಸೇತುವೆಗೆ ಮೊದಲೇ ಎಡಕ್ಕೆ ತಿರುಗಿ ಪಾಲಹಳ್ಳಿಯ ದಾರಿ ಹಿಡಿದರೆ ಸದ್ದು ಅಡಗಿ, ಭತ್ತದ ಗದ್ದೆ, ಕಬ್ಬಿನ ತೋಟ, ತೆಂಗಿನ ಸಾಲು ಶುರುವಾಗುತ್ತವೆ. 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾಗಿ, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಗಳಾದ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿದ ರಂಗನತಿಟ್ಟಿನ ಬಾಗಿಲು ನಾವು ಹೋಗುವ ಹೊತ್ತಿಗೆ ತೆರೆದಿರುವುದಿಲ್ಲ. ಆದರೆ ಮರಿಮಾಡುವ ತಿಂಗಳುಗಳಲ್ಲಿ ಕೊಕ್ಕರೆಗಳು ಮೇವಿಗೆಂದು ಗದ್ದೆಗಳಿಗೇ ಬಂದಿಳಿಯುವುದರಿಂದ, ರಸ್ತೆಬದಿಯಲ್ಲಿ ಸೈಕಲ್ ಒರಗಿಸಿ ನಿಂತರೂ ಅವು ಕಣ್ತುಂಬ ಸಿಗುತ್ತವೆ. ನಾನು ಇಲ್ಲಿ ಇಪ್ಪತ್ತು ನಿಮಿಷವನ್ನು ಲೆಕ್ಕದಲ್ಲಿ ಮೊದಲೇ ಸೇರಿಸಿಕೊಂಡಿರುತ್ತೇನೆ.

ಪಡುವಣಕ್ಕೆ ಸಾಗುವ ಈ ಕಿರಿದಾದ ರಸ್ತೆಯಲ್ಲಿ ಸೂರ್ಯ ನಮ್ಮ ಬೆನ್ನಿಗಿರುತ್ತಾನೆ, ಎದುರು ಬರುವವರ ಕಣ್ಣು ಕುಕ್ಕುತ್ತಾನೆ. ಅದಕ್ಕಾಗಿ ಹಗಲಿನಲ್ಲೂ ಮುಂದಿನ ದೀಪವನ್ನು ಉರಿಸಿಯೇ ಇಡುತ್ತೇನೆ. ಸುಗ್ಗಿಯ ದಿನಗಳಲ್ಲಿ ಇನ್ನೊಂದು ಎಚ್ಚರ ಬೇಕು. ಡಿಸೆಂಬರ್, ಜನವರಿಯಲ್ಲಿ ರಾಗಿ, ಹುರುಳಿಗಳನ್ನು ಒಕ್ಕಣೆಗೆಂದು ಡಾಂಬರು ರಸ್ತೆಯ ಮೇಲೆಯೇ ಹರಡಿರುತ್ತಾರೆ. ಹುರುಳಿಯ ಬಳ್ಳಿ ಚೈನಿಗೂ ಹಿಂದಿನ ಗೇರಿಗೂ ಸುತ್ತಿಕೊಂಡರೆ ಬಿಡಿಸಲು ಅರ್ಧ ಗಂಟೆ ಬೇಕಾಗುತ್ತದೆ. ಒಣಹುಲ್ಲಿನ ಮೇಲೆ ಬ್ರೇಕ್ ಒತ್ತಿದರೆ ಚಕ್ರ ಜಾರುತ್ತದೆ. ಅಂಥಲ್ಲಿ ಇಳಿದು ಸೈಕಲ್ ಎತ್ತಿಕೊಂಡು ದಾಟುವುದು ನಮಗೂ ಕ್ಷೇಮ, ಬೆಳೆದವರ ಕಾಳಿಗೂ ಮರ್ಯಾದೆ. ನಾಲೆಯ ಏರಿಯ ಮಣ್ಣುದಾರಿ ಎಷ್ಟೇ ಚೆಲುವಾಗಿ ಕಂಡರೂ ನಾನು ಅದನ್ನು ಆರಿಸುವುದಿಲ್ಲ. ಅಲ್ಲಿ ಜಾಲಿಮುಳ್ಳು ಹೆಚ್ಚು, ತಡೆಗೋಡೆ ಇರುವುದಿಲ್ಲ.

ಬಲಮುರಿಯಲ್ಲಿ ಕಟ್ಟೆಯ ಮೇಲಿನಿಂದ ಜಾರುವ ನೀರು ನೋಡುತ್ತ ಬುತ್ತಿ ಬಿಚ್ಚುತ್ತೇವೆ. ವಿರಿಜಾ ನಾಲೆ ಹೊರಡುವುದು ಈ ಕಟ್ಟೆಯಿಂದಲೇ. ದಾರಿಯುದ್ದಕ್ಕೂ ನೋಡಿದ ಹಸುರಿನ ಮೂಲ ಇಲ್ಲಿದೆಯೆಂದು ಹುಡುಗನಿಗೆ ತೋರಿಸಲು ನನಗೆ ಸಿಕ್ಕ ಒಳ್ಳೆಯ ಜಾಗ ಇದು. ಆದರೆ ನೀರಿಗಿಳಿಯಲು ಬಿಡುವುದಿಲ್ಲ. ಕನ್ನಂಬಾಡಿ ಅಣೆಕಟ್ಟಿನಲ್ಲಿ ನೀರು ಪೂರ್ಣ ಮಟ್ಟವಾದ 124.80 ಅಡಿಯನ್ನು ಸಮೀಪಿಸಿದಾಗ ಹೊಳೆಗೆ ಹೆಚ್ಚು ನೀರು ಬಿಡುತ್ತಾರೆ, ಆಗ ಬಲಮುರಿಯ ಸೆಳೆತ ಭೀಕರವಾಗಿರುತ್ತದೆ. ಮಳೆಗಾಲದಲ್ಲಿ ಹಿಂದಿನ ದಿನದ ಪತ್ರಿಕೆಯಲ್ಲಿ ಅಣೆಕಟ್ಟಿನ ಮಟ್ಟವನ್ನೂ ಹೊರಹರಿವನ್ನೂ ನೋಡದೆ ನಾನು ಹೊರಡುವುದಿಲ್ಲ. ಹೊರಹರಿವು ಹೆಚ್ಚಿದ್ದರೆ ಬಲಮುರಿಯನ್ನು ಬಿಟ್ಟು ನೇರವಾಗಿ ಕನ್ನಂಬಾಡಿಯ ರಸ್ತೆಗೆ ಸೇರುತ್ತೇನೆ.

ಕನ್ನಂಬಾಡಿಯಿಂದ ಮನೆಗೆ ಇನ್ನು ಸುಮಾರು 19 ಕಿಲೋಮೀಟರ್. ಏರು ಉದ್ದವಾಗಿದ್ದರೂ ಕಡಿದಾದದ್ದಲ್ಲ. ಮಧ್ಯದ ಗೇರಿನಲ್ಲಿ, ಮಾತನಾಡಲು ಉಸಿರು ಉಳಿಯುವಷ್ಟು ವೇಗದಲ್ಲಿ ತುಳಿದರೆ ಒಂದೂಕಾಲು ಗಂಟೆ ಸಾಕು. ಮೇಟಗಳ್ಳಿಯ ಹತ್ತಿರ ಕಾರ್ಖಾನೆಗಳ ಸಂಚಾರ ಹೆಚ್ಚುವುದರಿಂದ ಭಾನುವಾರವನ್ನೇ ಆರಿಸಿಕೊಂಡೆ. ಎರಡನೆಯ ಸಲ ಅಕ್ಕನ ಮಗ ಎಲ್ಲಿಯೂ ಇಳಿಯದೆ ಈ ಏರನ್ನು ಹತ್ತಿದ. ಹತ್ತೂಕಾಲಿಗೆ ನಾವು ಮನೆಯಲ್ಲಿದ್ದೆವು.